ಬಳಸಿದ ಲಿಂಕನ್ ಟೌನ್ ಕಾರ್ ಲಿಮೋಸಿನ್: ಕೊಳ್ಳುವ ಮುನ್ನ

ಅಮೆರಿಕದಲ್ಲಿ ಲಿಮೋಸಿನ್ ಬಾಡಿಗೆಯ ಉದ್ಯಮಕ್ಕೆ ಹೊಸದಾಗಿ ಕೈಹಾಕುವವರಿಗೆ, 2011ರಲ್ಲಿ ತಯಾರಿಕೆ ನಿಂತುಹೋದ ಲಿಂಕನ್ ಟೌನ್ ಕಾರಿನ, 120 ಇಂಚು ಉದ್ದ ಹೆಚ್ಚಿಸಿದ ಗಾಡಿಯೇ ನನ್ನ ಮಟ್ಟಿಗೆ ಇಂದಿಗೂ ನಂಬಬಹುದಾದ ಆಯ್ಕೆ. ಪ್ರತ್ಯೇಕ ಚಾಸಿಯ ಮೇಲೆ ಕೂರಿಸಿದ ಬಾಡಿ ಮತ್ತು 4.6 ಲೀಟರಿನ ವಿ8 ಎಂಜಿನ್ ಇದರ ಬಲ. ಆದರೆ ಕಾರನ್ನು ನಡುವೆ ಕತ್ತರಿಸಿ ಬೆಸೆದಿರುವುದರಿಂದ, ಒಳಗಿನ ಬಣ್ಣದ ದೀಪಗಳಿಗೆ ಮರುಳಾಗುವ ಮುನ್ನ ಗಾಡಿಯನ್ನು ಲಿಫ್ಟಿನ ಮೇಲೇರಿಸಿ, ಬೆಸುಗೆಯ ಅಂಚುಗಳಲ್ಲಿ ತುಕ್ಕಾಗಲಿ ಬಿರುಕಾಗಲಿ ಇದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಅಲ್ಲಿ ಹೊಸದಾಗಿ ಬಳಿದ ದಪ್ಪ ಕಪ್ಪು ಲೇಪ ಕಂಡರೆ ಅನುಮಾನಿಸಲೇಬೇಕು. ಲಿಂಕನ್ ಕಾರುಗಳನ್ನು ತಯಾರಿಸುವ ಫೋರ್ಡ್ ಕಂಪನಿಯ ಮಾನ್ಯತೆ ಪಡೆದವರು ಉದ್ದ ಮಾಡಿದ್ದೆಂದು ತಿಳಿಸುವ ಕ್ಯೂವಿಎಂ ಗುರುತಿಲ್ಲದ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ಹಿಂಬದಿಯ ಎಸಿಯನ್ನು ಅರ್ಧ ಗಂಟೆಯಾದರೂ ಓಡಿಸಿ ನೋಡುವುದು, ಬೆಲೆ ಮಾತಾಡುವ ಮೊದಲೇ ವಿಮೆಯವರನ್ನು ವಿಚಾರಿಸುವುದು ಲೇಸು.