ಬಾಯಿಯ ಫಂಗಸ್‌ಗೆ ಮೀನೆಣ್ಣೆ ಕ್ಯಾಪ್ಸೂಲ್: ಬಳಸಿ ನೋಡಿದ ಮೇಲೆ

ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ರಾತ್ರಿಯೂ ಹಲ್ಲುಸೆಟ್ ತೆಗೆಯದೆ ಮಲಗುವ ಹಿರಿಯರಿಗೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಕಾಟ ಹೆಚ್ಚು. ಇದಕ್ಕೆ ‘ನೈಸರ್ಗಿಕ ಪರಿಹಾರ’ವೆಂದು ಆನ್‌ಲೈನ್‌ನಲ್ಲಿ ಮಾರುವ ಮೀನೆಣ್ಣೆ ಕ್ಯಾಪ್ಸೂಲ್‌ಗಳನ್ನು, ಇನ್‌ಹೇಲರ್ ಬಳಸುವ ನಾನು ತರಿಸಿಕೊಂಡು ಪರೀಕ್ಷಿಸಿದೆ.

ಪ್ರತಿ ಕ್ಯಾಪ್ಸೂಲಿನಲ್ಲಿ 1000 ಮಿ.ಗ್ರಾಂ ಎಣ್ಣೆ, ಅದರಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳಾದ ಇಪಿಎ 180 ಮತ್ತು ಡಿಎಚ್ಎ 120 ಮಿ.ಗ್ರಾಂ. ಮುಂಬದಿಯಲ್ಲಿ ದಪ್ಪಕ್ಷರದ ಭರವಸೆಗಳಿದ್ದರೆ, ಹಿಂಬದಿಯಲ್ಲಿ ಆಹಾರ ಪೂರಕಗಳಿಗೆ ಕಡ್ಡಾಯವಾದ ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಸಣ್ಣಕ್ಷರದಲ್ಲಿದೆ. ಎರಡನ್ನೂ ಒಂದೇ ಕಂಪನಿ ಅಚ್ಚು ಹಾಕಿಸಿದೆ ಎಂಬುದನ್ನು ಗ್ರಾಹಕರು ಗಮನಿಸಬೇಕು.

ಸೂಚನೆಯಂತೆ ಕ್ಯಾಪ್ಸೂಲನ್ನು ಪಿನ್ನಿನಿಂದ ಚುಚ್ಚಿ, ಎಣ್ಣೆಯನ್ನು ನಾಲಿಗೆಯ ಮೇಲೆ ಹಿಂಡಿ, ಸ್ವಲ್ಪ ಹೊತ್ತು ಮುಕ್ಕಳಿಸಿ ಉಗುಳಿದೆ. ನಿಂಬೆಯ ಪರಿಮಳವೆಲ್ಲ ಹೊರಗಿನ ಸಿಪ್ಪೆಗಷ್ಟೇ ಸೀಮಿತ. ಒಳಗಿನ ನಾತ ಕಾಫಿ ಕುಡಿದರೂ ಹೋಗುವುದಿಲ್ಲ. ಒಣಗಿದ ನಾಲಿಗೆಗೆ ಜಿಡ್ಡು ತಗುಲಿ ಉರಿ ತುಸು ಕಡಿಮೆಯಾದದ್ದು ನಿಜ. ಆದರೆ ಫಂಗಸ್‌ನ ಬಿಳಿಯ ಪದರ ಹೋಗಲಿಲ್ಲ: ಗಾಜ್ ಬಟ್ಟೆಯಿಂದ ಒರೆಸಿದರೆ ಕೆಳಗೆ ಕೆಂಪು ಚರ್ಮ, ಮರುದಿನ ಮತ್ತೆ ಅದೇ ಪದರ. ಕೊನೆಗೆ ವೈದ್ಯರು ಬರೆದುಕೊಟ್ಟ ಕ್ಲೋಟ್ರಿಮಜೋಲ್ ಮೌತ್ ಪೇಂಟ್‌ನಿಂದ ಗುಣವಾಯಿತು. ಒಬ್ಬನ ಬಾಯಿಯ ಅನುಭವ ಪುರಾವೆಯಾಗದು ಎಂಬ ಆಕ್ಷೇಪ ಸರಿಯೇ. ಆದರೆ ಅದೇ ಮಾತು ಮಾರಾಟಗಾರರು ಹಾಕಿಕೊಂಡಿರುವ ಮೆಚ್ಚುಗೆಯ ಪತ್ರಗಳಿಗೂ ಸಲ್ಲಬೇಕು.

ಕಂಪನಿಯ ಹೇಳಿಕೆ ಪೂರ್ತಿ ಬುಡವಿಲ್ಲದ್ದೇನಲ್ಲ. ಒಮೆಗಾ-3 ಕೊಬ್ಬಿನಾಮ್ಲಗಳು ಬಿಡಿ ರೂಪದಲ್ಲಿ ಪ್ರಯೋಗಾಲಯದಲ್ಲಿ ಕ್ಯಾಂಡಿಡಾದ ಬೆಳವಣಿಗೆಯನ್ನು ತಡೆದದ್ದುಂಟು. ಆದರೆ ಕ್ಯಾಪ್ಸೂಲಿನ ಎಣ್ಣೆಯಲ್ಲಿ ಆ ಆಮ್ಲಗಳು ಬಹುಪಾಲು ಬಿಡಿಯಾಗಿರದೆ ಟ್ರೈಗ್ಲಿಸರೈಡ್ ಅಥವಾ ಎಸ್ಟರ್ ರೂಪದಲ್ಲಿ ಬೇರೆ ಅಣುಗಳೊಂದಿಗೆ ಬಂಧಿತವಾಗಿರುತ್ತವೆ, ಬಾಯಲ್ಲಿ ಉಳಿಯುವ ಹೊತ್ತೂ ಕಡಿಮೆ. ಗಾಜಿನ ತಟ್ಟೆಯಲ್ಲಿ ಕಂಡದ್ದು ನಾಲಿಗೆಯ ಮೇಲೂ ಆಗುತ್ತದೆಂದು ಹೇಳಲು ಇಷ್ಟು ಸಾಲದು. ಇನ್ನು ನೈಸರ್ಗಿಕವೆಂಬುದೇ ಹೆಚ್ಚುಗಾರಿಕೆಯಾದರೆ, ಅಮೆರಿಕದ ವಿಜ್ಞಾನಿಗಳಾದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ 1950ರಲ್ಲಿ ಜಗತ್ತಿಗೆ ತಿಳಿಸಿದ, ಫಂಗಸ್‌ಗೆ ಕೊಡುವ ನಿಸ್ಟಾಟಿನ್ ಔಷಧಿ ಕೂಡ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದೇ!

ಮೀನು ತಿನ್ನದವರು ಊಟದೊಂದಿಗೆ ನುಂಗುವ ಪೂರಕವಾಗಿ ಇದಕ್ಕೆ ಐದರಲ್ಲಿ ಮೂರು ಅಂಕ. ಫಂಗಸ್‌ನ ಔಷಧಿಯಾಗಿ ಒಂದೇ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಕೊಳ್ಳಬಾರದು. ಇನ್‌ಹೇಲರ್ ಬಳಸುವವರಿಗಂತೂ ಸ್ಪೇಸರ್ (ಔಷಧಿ ಬಾಯಲ್ಲೇ ಉಳಿಯದಂತೆ ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ) ಜೋಡಿಸಿಕೊಂಡು, ಪ್ರತಿಸಲವೂ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳುವುದು ಈ ಬಾಟಲಿಗಿಂತ ಅಗ್ಗ.