ಒಂದು ಹಂಡೆ ನೀರಿಗೆ ಎಷ್ಟು ಬೆಟ್ಟ?

ಶಿರಸಿ ಹತ್ತಿರದ ನಮ್ಮ ಊರಿನಲ್ಲಿ ಬಚ್ಚಲ ಒಲೆಗೆ ರಜೆಯೇ ಇಲ್ಲ. ಬೆಳಿಗ್ಗೆ ಐದೂವರೆಗೆ ಹೊತ್ತಿದರೆ ಮಧ್ಯಾಹ್ನದವರೆಗೂ ಕೆಂಡ ಇರುತ್ತದೆ. ಅಡುಗೆಗೆ ಗೋಬರ್ ಗ್ಯಾಸ್ ಬಂದು ವರ್ಷಗಳಾದರೂ ಸ್ನಾನದ ನೀರಿಗೆ ಮಾತ್ರ ಕಟ್ಟಿಗೆಯೇ ಬೇಕಿತ್ತು. ಇದು ಎಷ್ಟು ಕಾಡು ತಿನ್ನುತ್ತದೆ ಅಂತ ನೋಡಲೇಬೇಕು ಅನ್ನಿಸಿತು. ಅಡಿಕೆ ತೂಗುವ ಕಾಟಾ ಮನೆಯಲ್ಲೇ ಇತ್ತು. ನೂರು ಲೀಟರಿನ ಅದೇ ಹಂಡೆ, ಅದೇ ಐದು ಜನ. ಹಳೆಯ ಒಲೆ, ಹೊಸ ಮಾದರಿಯ ಒಲೆ, ಗ್ಯಾಸ್ ಗೀಸರ್, ಸೋಲಾರ್ ಅಂತ ಒಂದೊಂದನ್ನೂ ಬೇರೆ ಬೇರೆಯಾಗಿ ಬಳಸಿ ನೋಡಿದೆ.

ಮೊದಲು ಹಳೆಯ ಒಲೆ. ಅಜ್ಜನ ಕಾಲದ್ದು, ಬಾಯಿ ಅಗಲ, ಚಿಮಣಿ ಇಲ್ಲ. ಹತ್ತು ದಿನ ತೂಗಿದೆ. ದಿನಕ್ಕೆ ಹೆಚ್ಚುಕಡಿಮೆ ಏಳು ಕಿಲೋ ಒಣ ಕಟ್ಟಿಗೆ ಹೋಯಿತು. ಉರಿಯ ಬಹುಪಾಲು ಹಂಡೆಗೆ ತಾಗದೆ ಹೊರಗೇ ಹೋಗುತ್ತದೆ. ಬಚ್ಚಲ ಮಾಡಿನ ಜಂತಿಗಳ ಬಣ್ಣ ನೋಡಿದರೆ ಸಾಕು, ಅಮ್ಮನ ಕೆಮ್ಮಿಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಆಮೇಲೆ ಆಸ್ತ್ರ ಮಾದರಿಯ ಬಚ್ಚಲ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ತ್ರ ಘಟಕದವರು ಹಳ್ಳಿಮನೆಗಳಿಗಾಗಿ ರೂಪಿಸಿದ್ದು. ಕೆಳಗೆ ಜಾಲರಿ ಇದೆ, ಗಾಳಿ ಅಲ್ಲಿಂದ ಬರುತ್ತದೆ. ಬಾಯಿ ಸಣ್ಣದು. ಬಿಸಿ ಹೊಗೆ ಹಂಡೆಯನ್ನು ಸುತ್ತಿಕೊಂಡು ಹೋಗಿ ಚಿಮಣಿ ಸೇರುತ್ತದೆ. ಮೊದಲ ಸಲ ಕಟ್ಟಿದ ಮೇಸ್ತ್ರಿ ಹಂಡೆ ಮತ್ತು ಗೋಡೆಯ ನಡುವೆ ಜಾಸ್ತಿ ಜಾಗ ಬಿಟ್ಟಿದ್ದರು. ಹೊಗೆಯೆಲ್ಲ ಒಳಗೇ ತಿರುಗಿತು. ಒಡೆದು ಮತ್ತೆ ಕಟ್ಟಿಸಬೇಕಾಯಿತು. ಸರಿಯಾದ ಮೇಲೆ ತೂಗಿದರೆ ಮೂರೂವರೆಯಿಂದ ನಾಲ್ಕು ಕಿಲೋ! ಎರಡು ದಿನ ನಂಬಿಕೆ ಬರಲಿಲ್ಲ, ಮತ್ತೆ ಮತ್ತೆ ತೂಗಿದೆ. ಒಂದೇ ತೊಂದರೆ, ಕಟ್ಟಿಗೆಯನ್ನು ಚಿಕ್ಕದಾಗಿ ಸೀಳಿಕೊಳ್ಳಬೇಕು. ದೊಡ್ಡ ಕೊರಡು ತುರುಕಿ ಮರೆತುಬಿಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಅದೇ ಒಲೆಗೆ ಚಾಲಿ, ಅಂದರೆ ಒಣಗಿಸಿದ ಹಣ್ಣಡಿಕೆ ಸುಲಿದ ಒಣ ಸಿಪ್ಪೆ ಹಾಕಿ ನೋಡಿದೆ. ಚೆನ್ನಾಗಿ ಉರಿಯುತ್ತದೆ, ಆದರೆ ಭರ್ರೆಂದು ಉರಿದು ಮುಗಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬುಟ್ಟಿ ಹಿಡಿದು ಕೂರಬೇಕು. ಹಸಿಯಾಗಿರುವಾಗಲೇ ಸುಲಿದು ಬೇಯಿಸುವ ಕೆಂಪಡಿಕೆಯ ಹಸಿ ಸಿಪ್ಪೆ ಬೇಡವೇ ಬೇಡ, ಬರೀ ಹೊಗೆ. ಈಗ ಮೊದಲ ಉರಿಗೆ ಸಿಪ್ಪೆ ಮತ್ತು ತೆಂಗಿನ ಗರಟೆ, ನಂತರ ಎರಡು ಸೀಳು ಕಟ್ಟಿಗೆ ಅಂತ ಮಾಡಿಕೊಂಡಿದ್ದೇವೆ. ಇದು ನನಗೆ ತುಂಬಾ ಹಿಡಿಸಿದೆ.

ಗ್ಯಾಸ್ ಗೀಸರ್ ಸುಖ. ಹೊಗೆ ಇಲ್ಲ, ಬೂದಿ ಇಲ್ಲ. ಆದರೆ ಗೋಬರ್ ಗ್ಯಾಸಿನ ಜೊತೆ ಬಳಸುವಾಗ ಎರಡು ತಿಂಗಳು ಬರುತ್ತಿದ್ದ 14.2 ಕಿಲೋ ಸಿಲಿಂಡರ್ ಮೂರೇ ವಾರಕ್ಕೆ ಖಾಲಿ. ಗೋಬರ್ ಗ್ಯಾಸನ್ನೇ ನೀರಿಗೂ ಬಳಸೋಣ ಅಂದರೆ ಅದು ಸಾಲುವುದಿಲ್ಲ. ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ ಬೇಕು. ನಮ್ಮ ಮಲೆನಾಡು ಗಿಡ್ಡ ದನಗಳು ಅಷ್ಟು ಕೊಡುವುದಿಲ್ಲ. ಮಳೆಗಾಲದ ಚಳಿಗೆ ಗ್ಯಾಸೂ ಇಳಿಯುತ್ತದೆ. ಅದು ಅಡುಗೆಗೇ ಇರಲಿ, ಗುಂಡಿಯಿಂದ ಹೊರಬರುವ ಸಗಣಿ ರಾಡಿ (ಸ್ಲರಿ) ತೋಟಕ್ಕೆ ಬರಲಿ. ಸೋಲಾರ್ ಅಂದರೆ ನವೆಂಬರಿನಿಂದ ಮೇ ತನಕ ರಾಜ. ಜೂನ್ ಬಂತೋ, ಸೆಪ್ಟೆಂಬರ್ ತನಕ ಅದನ್ನು ಮರೆತುಬಿಡಬೇಕು.

ಇನ್ನು ಹವಾಮಾನದ ಲೆಕ್ಕ. ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಇಲ್ಲಿಯೇ. ಹಳೆಯ ಒಲೆಯ ಏಳು ಕಿಲೋ ಕಟ್ಟಿಗೆ ಸುಟ್ಟರೆ ಸುಮಾರು 12 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅಷ್ಟೇ ನೀರನ್ನು ಗ್ಯಾಸ್ ಗೀಸರ್ ಕಾಯಿಸಿದರೆ ಒಂದೂಕಾಲು ಕಿಲೋ ಚಿಲ್ಲರೆ. ಹಾಗಾದರೆ ಗ್ಯಾಸೇ ಒಳ್ಳೆಯದಾ? ಕಟ್ಟಿಗೆ ಎಲ್ಲಿಂದ ಬಂತು ಎಂದು ನೋಡದೆ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಅಡಿಕೆ ಸಿಪ್ಪೆ ಬಿಟ್ಟ ಇಂಗಾಲವನ್ನು ಮುಂದಿನ ವರ್ಷದ ಫಸಲು ವಾಪಸ್ ಎಳೆದುಕೊಳ್ಳುತ್ತದೆ. ಉದುರಿದ ಒಣ ರೆಂಬೆ ಸುಡದಿದ್ದರೂ ಕೊಳೆತು ಅದನ್ನೇ ಬಿಡುತ್ತಿತ್ತು. ನಿಂತ ಮತ್ತಿ ಮರವನ್ನು ಕಡಿದು ಸುಟ್ಟರೆ ಅದನ್ನು ತುಂಬಿಕೊಡಲು ಇನ್ನೊಂದು ಮತ್ತಿ ದಶಕಗಟ್ಟಲೆ ಬೆಳೆಯಬೇಕು. ಗ್ಯಾಸಿನ ಇಂಗಾಲ ನೆಲದಾಳದಿಂದ ಬಂದದ್ದು, ಅದನ್ನು ವಾಪಸ್ ತೆಗೆದುಕೊಳ್ಳುವ ಬೆಳೆ ಯಾವ ತೋಟದಲ್ಲೂ ಇಲ್ಲ. 'ಸಸ್ಯದಿಂದ ಬಂದ ಇಂಧನ, ಹಾಗಾಗಿ ಹಸಿರು' ಅಂತ ಸುಮ್ನೆ ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ.

2030ರ ಹೊತ್ತಿಗೆ ಕಾಡು ಮತ್ತು ಮರಗಳಲ್ಲಿ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹಿಡಿದಿಡುತ್ತೇವೆ ಎಂದು ನಮ್ಮ ದೇಶ 2015ರಲ್ಲಿ ಮಾತು ಕೊಟ್ಟಿದೆ. ಆ ಕಾಡಿನಲ್ಲಿ ನಮ್ಮ ಸೊಪ್ಪಿನ ಬೆಟ್ಟವೂ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡೂ ಸೇರಿದೆ, ಅಲ್ವಾ? ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಪಡೆದವರು ನಾವು. ಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆ ಎಲ್ಲ ಅಲ್ಲಿಂದಲೇ. 1983ರಲ್ಲಿ ನಮ್ಮ ಶಿರಸಿ ಕಡೆಯ ಸಾಲ್ಕಣಿ ಹಳ್ಳಿಯ ಜನ ಕಾಡು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತರು, ಅದೇ ಅಪ್ಪಿಕೋ ಚಳವಳಿ. 'ಉಳಿಸು, ಬೆಳೆಸು, ಬಳಸು' ಎಂದರು. ಅವರ ಕೆಲಸದಲ್ಲಿ ಕಟ್ಟಿಗೆ ಉಳಿಸುವ ಒಲೆಗಳನ್ನು ಕಟ್ಟುವುದೂ ಇತ್ತು. ಕೊಡಲಿಯನ್ನು ತಡೆದವರು ಬಚ್ಚಲಿನ ತನಕ ಯೋಚಿಸಿದ್ದರು ಎಂಬುದು ನನಗೆ ಈ ಒಲೆ ಕಟ್ಟಿಸಿದ ಮೇಲೆಯೇ ಅರ್ಥವಾಗಿದ್ದು.

ಈಗ ನಮ್ಮ ಮನೆಯಲ್ಲಿ ಬಿಸಿಲುಗಾಲಕ್ಕೆ ಸೋಲಾರ್, ಮಳೆಗಾಲಕ್ಕೆ ಸಿಪ್ಪೆ ಹಾಕುವ ಆಸ್ತ್ರ ಒಲೆ, ಅಡುಗೆಗೆ ಗೋಬರ್ ಗ್ಯಾಸ್. ಸಿಲಿಂಡರ್ ನೆಂಟರು ಬಂದಾಗ ಮಾತ್ರ. ಒಂದನ್ನೇ ಆರಿಸಿ ಎಂದರೆ ನಾನು ಒಲೆಯನ್ನೇ ಹೇಳುತ್ತೇನೆ. ಖರ್ಚೂ ಕಡಿಮೆ, ಹೊಗೆಯೂ ಮಾಡಿನಾಚೆ ಹೋಗುತ್ತದೆ.

ಅಡಿಕೆ ಬೇಯಿಸುವ ಒಲೆ ಮಾತ್ರ ಇನ್ನೂ ಹಳೆಯದೇ ಇದೆ. ಕೊಯ್ಲಿನ ಒಂದು ದಿನಕ್ಕೆ ಅದು ತಿನ್ನುವ ಕಟ್ಟಿಗೆಯನ್ನು ಈ ಸಲ ತೂಗಿ ಇಡಬೇಕು. ಕಾಟಾ ಅಂಗಳದಲ್ಲೇ ಇಟ್ಟಿದ್ದೇನೆ.