ಜಪಾನಿನ ರೈಲು: ದೊಡ್ಡ ಪಾಸ್ ಬಿಟ್ಟು ಚಿಕ್ಕ ಪಾಸ್ ಹಿಡಿದೆವು

2024ರ ನವೆಂಬರ್‌ನಲ್ಲಿ ನಾವು ನಾಲ್ವರು ಜಪಾನಿಗೆ ಹೋಗಿದ್ದೆವು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಎಪ್ಪತ್ತು ದಾಟಿದ ಅಮ್ಮ. ಅಮ್ಮನಿಗೆ ಮಂಡಿನೋವು. ಹಾಗಾಗಿ ಏನು ನೋಡಬೇಕು ಅನ್ನೋದಕ್ಕಿಂತ ಒಂದು ಊರಿಂದ ಇನ್ನೊಂದು ಊರಿಗೆ ಹೇಗೆ ಹೋಗಬೇಕು ಅನ್ನೋದೇ ನನಗೆ ದೊಡ್ಡ ಚಿಂತೆಯಾಗಿತ್ತು. ಎರಡು ತಿಂಗಳು ಇದೇ ಲೆಕ್ಕ ಹಾಕಿದ್ದೇನೆ. ಟೋಕಿಯೋ, ಕನಜಾವಾ, ಕ್ಯೋಟೋ, ಹಿರೋಷಿಮಾ, ಈ ನಾಲ್ಕು ಊರುಗಳ ನಡುವೆ ರೈಲಲ್ಲಿ ಓಡಾಡಿದ ಅನುಭವ, ಟಿಕೆಟ್, ಪಾಸ್, ಲಗೇಜ್ ಎಲ್ಲದರ ಬಗ್ಗೆ ಬರೆಯುತ್ತಿದ್ದೇನೆ. ಹೋಗಬೇಕು ಅಂತ ಇರುವವರಿಗೆ ಒಂದಿಷ್ಟು ಹಣ ಉಳಿದರೂ ನನಗೆ ಖುಷಿ.

ಮೊದಲು ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ಕೇಳಿದ್ದೆ. ಅವರ ಪ್ಲ್ಯಾನ್ ಹೀಗಿತ್ತು: ಟೋಕಿಯೋಗೆ ಇಳಿಯೋದು, ಕ್ಯೋಟೋಗೆ ಹೋಗೋದು, ಹಿರೋಷಿಮಾ ನೋಡೋದು, ತಿರುಗಿ ಟೋಕಿಯೋಗೆ ಬಂದು ವಿಮಾನ ಹತ್ತೋದು. ಎಲ್ಲರಿಗೂ ಇಡೀ ದೇಶದ ಜಪಾನ್ ರೈಲ್ ಪಾಸ್. "ಇದೇ ಸುಲಭ ಸಾರ್, ಎಲ್ಲರೂ ಹೀಗೇ ಮಾಡ್ತಾರೆ" ಅಂದರು. ಮನೆಗೆ ಬಂದು ಮ್ಯಾಪ್ ತೆಗೆದು ನೋಡಿದೆ. ಹಿರೋಷಿಮಾದಿಂದ ಟೋಕಿಯೋಗೆ ಅತಿ ವೇಗದ ರೈಲಲ್ಲೂ ನಾಲ್ಕು ಗಂಟೆ. ನೋಡಿದ ದಾರಿಯಲ್ಲೇ ತಿರುಗಿ ಬರೋದಕ್ಕೆ ಒಂದಿಡೀ ದಿನ, ಮೇಲೆ ಒಬ್ಬರಿಗೆ 19,000 ಯೆನ್‌ಗಿಂತ ಜಾಸ್ತಿ ದರದ ಪ್ರಯಾಣ. ಯಾಕೆ ಬೇಕು ಇದು?

ಅಲ್ಲಿಂದ ಪ್ಲ್ಯಾನ್ ಪೂರ್ತಿ ಬದಲಾಯಿತು. ಟೋಕಿಯೋದ ಹನೇಡಾದಲ್ಲಿ ಇಳಿಯೋದು, ಒಸಾಕಾ ಹತ್ತಿರದ ಕನ್ಸಾಯ್ ವಿಮಾನ ನಿಲ್ದಾಣದಿಂದ ಹೊರಡೋದು. ಹೋಗೋದೊಂದು ಊರಿಗೆ, ಬರೋದು ಇನ್ನೊಂದು ಊರಿಂದ. ವಿಮಾನದ ಟಿಕೆಟ್ ಹುಡುಕುವಾಗ "ಮಲ್ಟಿ ಸಿಟಿ" ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಒತ್ತಿದರೆ ಸಾಕು. ನಮಗೆ ದರದಲ್ಲಿ ಹೆಚ್ಚು ಕಮ್ಮಿ ಏನೂ ಆಗಲಿಲ್ಲ. ಒಂದು ದಿನ ಉಳಿಯಿತು. ಆ ದಿನವನ್ನು ಕನಜಾವಾಗೆ ಕೊಟ್ಟೆವು.

ಟೋಕಿಯೋದಲ್ಲಿ ನಾಲ್ಕು ರಾತ್ರಿ, ಕನಜಾವಾದಲ್ಲಿ ಎರಡು, ಕ್ಯೋಟೋದಲ್ಲಿ ಮೂರು, ಹಿರೋಷಿಮಾದಲ್ಲಿ ಎರಡು. ಈಗ ಪಾಸ್ ಲೆಕ್ಕಕ್ಕೆ ಬರೋಣ.

ಇಡೀ ದೇಶದ 7 ದಿನದ ಪಾಸ್ ಮುಂಚೆ 29,650 ಯೆನ್ ಇತ್ತು. 2023ರ ಅಕ್ಟೋಬರ್‌ನಲ್ಲಿ ಒಂದೇ ಸಲ 50,000 ಆಯಿತು. 14 ದಿನದ್ದು 80,000. ಹಳೇ ವಿಡಿಯೋ ನೋಡಿಕೊಂಡು ಹೋಗುವವರು ಇದನ್ನು ಗಮನಿಸಬೇಕು. "ಪಾಸ್ ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ" ಅನ್ನುವ ಸಲಹೆ ಎಲ್ಲ ಹಳೇ ದರದ ಕಾಲದ್ದು. ಇನ್ನೊಂದು ವಿಷಯ, ಆ 7 ದಿನ ಒಂದರ ಹಿಂದೆ ಒಂದು ಎಣಿಕೆಯಾಗುತ್ತವೆ. ನಮ್ಮ ದೂರದ ಪ್ರಯಾಣಗಳು ಪ್ರವಾಸದ 5ನೇ ದಿನ ಶುರುವಾಗಿ 12ನೇ ದಿನ ಮುಗಿಯುತ್ತಿದ್ದವು. ಅಂದರೆ ಎಂಟು ದಿನ. ಒಂದು ದಿನಕ್ಕೋಸ್ಕರ 80,000ದ ಪಾಸ್ ತಗೊಳ್ಳೋಕೆ ಆಗುತ್ತಾ? ಅದೂ ಅಲ್ಲದೆ ಅತಿ ವೇಗದ ನೊಜೋಮಿ ರೈಲಿಗೆ ಪಾಸ್ ಇದ್ದರೂ ಮತ್ತೆ ಹಣ ಕೊಡಬೇಕು. ಟೋಕಿಯೋದಿಂದ ಕ್ಯೋಟೋಗೆ ಅದೇ 4,960 ಯೆನ್.

ನಾವು ಮಾಡಿದ್ದು ಇಷ್ಟು. ಟೋಕಿಯೋ–ಕನಜಾವಾ ಬಿಡಿ ಟಿಕೆಟ್, ಸುಮಾರು 14,000 ಯೆನ್. ಕನಜಾವಾ–ಕ್ಯೋಟೋ ಬಿಡಿ ಟಿಕೆಟ್, 8,000ದ ಆಸುಪಾಸು. ಅಲ್ಲಿಂದ ಮುಂದಕ್ಕೆ ಒಸಾಕಾ, ಕ್ಯೋಟೋ ಸುತ್ತಿನ ಕನ್ಸಾಯ್ ಭಾಗದಿಂದ ಹಿರೋಷಿಮಾವರೆಗೆ ನಡೆಯುವ ಕನ್ಸಾಯ್–ಹಿರೋಷಿಮಾ ಏರಿಯಾ ಪಾಸ್, 5 ದಿನಕ್ಕೆ 17,000. ಒಬ್ಬರಿಗೆ ಒಟ್ಟು 39,000. ದೊಡ್ಡ ಪಾಸಿಗಿಂತ 11,000 ಕಡಿಮೆ, ಮಗಳಿಗೆ ಎಲ್ಲದರಲ್ಲೂ ಅರ್ಧ ದರ. ಹಾಗಂತ ದೊಡ್ಡ ಪಾಸ್ ಯಾರಿಗೂ ಬೇಡ ಅಂತ ನಾನು ಹೇಳೋದಿಲ್ಲ. ಒಂದೇ ವಾರದಲ್ಲಿ ಟೋಕಿಯೋದಿಂದ ಹಿರೋಷಿಮಾಗೆ ಹೋಗಿ ಬಂದು, ಜೊತೆಗೆ ಇನ್ನೊಂದು ದೂರದ ಊರನ್ನೂ ನೋಡುವವರಿಗೆ ಅದು ಗಿಟ್ಟುತ್ತದೆ. ಆದರೆ ವಯಸ್ಸಾದವರನ್ನು ಕರೆದುಕೊಂಡು ಆ ಓಟ ಓಡೋಕೆ ಆಗಲ್ಲ.

ಟಿಕೆಟ್ ಬುಕಿಂಗ್‌ನಲ್ಲಿ ನಾನೊಂದು ತಪ್ಪು ಮಾಡಿದೆ. ಸೀಟು ಸಿಗದೇ ಹೋದರೆ ಅಂತ ಹೆದರಿ ಒಂದು ಮಧ್ಯವರ್ತಿ ವೆಬ್‌ಸೈಟಿನಲ್ಲಿ ಕನಜಾವಾ ಟಿಕೆಟ್ ಬುಕ್ ಮಾಡಿದೆ. ಒಂದೊಂದು ಟಿಕೆಟಿಗೂ ಸೇವಾ ಶುಲ್ಕ ಅಂತ ಚೆನ್ನಾಗೇ ಹಿಡಿದುಕೊಂಡರು. ಆಮೇಲೆ ಕನಜಾವಾ ಸ್ಟೇಷನ್ನಿನ ಕೌಂಟರಿನಲ್ಲಿ ಕ್ಯೋಟೋ ಟಿಕೆಟನ್ನು ಹಿಂದಿನ ದಿನ ಕೇಳಿದರೆ ಐದು ನಿಮಿಷದಲ್ಲಿ ನಾಲ್ಕು ಸೀಟು ಒಟ್ಟಿಗೆ ಕೊಟ್ಟರು, ಒಂದು ಯೆನ್ ಜಾಸ್ತಿ ಇಲ್ಲ. ಸೀಟು ಬುಕಿಂಗ್ ಸಾಮಾನ್ಯವಾಗಿ ಹೊರಡುವ ದಿನಕ್ಕೆ ಒಂದು ತಿಂಗಳು ಮುಂಚೆ ಬೆಳಗ್ಗೆ 10 ಗಂಟೆಗೆ ತೆರೆಯುತ್ತದೆ. ಹೊಸ ವರ್ಷ, ಏಪ್ರಿಲ್ ಕೊನೆಯ ಗೋಲ್ಡನ್ ವೀಕ್, ಆಗಸ್ಟ್‌ನ ಓಬೋನ್, ಈ ಮೂರು ದೊಡ್ಡ ರಜೆಯ ಹೊತ್ತು ಬಿಟ್ಟರೆ ಅಷ್ಟು ಗಾಬರಿ ಬೇಡ.

ಈಗ ಟೋಕಿಯೋ ಸ್ಟೇಷನ್ ವಿಷಯ. ಅದು ದೊಡ್ಡದು ಅಂದರೆ ಸುಮ್ನೆ ದೊಡ್ಡದಲ್ಲ. ಅಮ್ಮನಿಗಾಗಿ ಒಂದು ಗಂಟೆ ಮುಂಚೆ ಹೋದೆವು, ಅದು ಒಳ್ಳೆಯದೇ ಆಯಿತು. ಲಿಫ್ಟ್ ಇವೆ, ಆದರೆ ಲಿಫ್ಟ್ ಇರುವ ಜಾಗಕ್ಕೆ ನಡೆದುಕೊಂಡು ಹೋಗಬೇಕು. ಬುಲೆಟ್ ರೈಲಿಗೆ ಎರಡು ಚೀಟಿ ಕೊಡುತ್ತಾರೆ. ಒಂದು ಮೂಲ ದರದ್ದು, ಇನ್ನೊಂದು ವೇಗದ ರೈಲಿನ ಸೀಟಿನದ್ದು. ಎರಡನ್ನೂ ಒಂದರ ಮೇಲೊಂದು ಇಟ್ಟು ಗೇಟಿನ ಬಾಯಿಗೆ ಒಟ್ಟಿಗೆ ಹಾಕಬೇಕು. ಗೇಟಿನ ಆ ತುದಿಯಲ್ಲಿ ಎರಡೂ ಹೊರಗೆ ಬರುತ್ತವೆ. ಅಮ್ಮ ಚೀಟಿ ಹಾಕಿ, ಗೇಟು ತೆರೆಯಿತಲ್ಲ ಅಂತ ಹಾಗೇ ಮುಂದೆ ಹೋಗಿಬಿಟ್ಟರು. ನಾನೂ ಗಮನಿಸಲಿಲ್ಲ. ಇಪ್ಪತ್ತು ಹೆಜ್ಜೆ ಹೋಗಿದ್ದೆವೇನೋ, ಸ್ಟೇಷನ್ನಿನ ಹುಡುಗನೊಬ್ಬ ಟೋಪಿ ಹಿಡಿದುಕೊಂಡು ಓಡಿ ಬಂದ. ಎರಡೂ ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಅಮ್ಮನಿಗೆ ಕೊಟ್ಟು ಬಗ್ಗಿದ. ಅಮ್ಮ ಅವನ ತಲೆ ಸವರೋಕೆ ಹೋದರು. ಇಳಿಯುವ ಊರಿನಲ್ಲಿ ಅದೇ ಚೀಟಿ ಮತ್ತೆ ಬೇಕು, ಮರೆಯಬೇಡಿ.

ಕಗಯಾಕಿ ಅನ್ನುವ ರೈಲು ಕನಜಾವಾಗೆ ಎರಡೂವರೆ ಗಂಟೆಯಲ್ಲಿ ಹೋಗುತ್ತದೆ. ಪ್ಲಾಟ್‌ಫಾರ್ಮಿಗೆ ರೈಲು ಬಂದ ಮೇಲೆ ಜನ ಇಳಿದರು, ನಾವು ಹತ್ತೋಕೆ ಹೋದರೆ ಬಾಗಿಲಿಗೆ ಅಡ್ಡ ಪಟ್ಟಿ. ಒಳಗೆ ಸ್ವಚ್ಛತೆಯವರು. ಒಂದು ಬೋಗಿಗೆ ಅವರಿಗೆ ಸಿಗೋದು 7 ನಿಮಿಷ. ಕಿಟಕಿಯಿಂದ ನೋಡುತ್ತಾ ನಿಂತೆವು. ಒಬ್ಬ ಹೆಂಗಸು ಸಾಲಿನಿಂದ ಸಾಲಿಗೆ ಹೋಗುತ್ತಾ ಸೀಟುಗಳನ್ನೆಲ್ಲ ಹೊರಡುವ ದಿಕ್ಕಿಗೆ ತಿರುಗಿಸಿದರು, ಮಡಚುವ ಮೇಜನ್ನು ಒಂದೊಂದಾಗಿ ಇಳಿಸಿ ಒರೆಸಿ ಮತ್ತೆ ಏರಿಸಿದರು, ಕಿಟಕಿ ಅಂಚಿಗೆ ಬೆರಳು ಹಾಕಿ ನೋಡಿದರು. ಹೊರಗೆ ಬಂದು ಸಾಲಾಗಿ ನಿಂತು ಕಾಯುತ್ತಿದ್ದ ನಮಗೆಲ್ಲ ಬಗ್ಗಿ ನಮಸ್ಕಾರ ಮಾಡಿದರು. ನಮ್ಮಮ್ಮನೂ ಕೈ ಮುಗಿದರು. ನಾನು ಈ ಪ್ರವಾಸದಲ್ಲಿ ನೋಡಿದ ಅತ್ಯಂತ ಚಂದದ ಕೆಲಸ ಇದು.

ಲಗೇಜ್ ಬಗ್ಗೆ ಹೇಳಲೇಬೇಕು, ಯಾಕಂದರೆ ಇಡೀ ಪ್ಲ್ಯಾನ್ ನಿಂತಿದ್ದೇ ಅದರ ಮೇಲೆ. ನಮ್ಮ ಎರಡು ದೊಡ್ಡ ಸೂಟ್‌ಕೇಸ್‌ಗಳು ಕನಜಾವಾಗೆ ಬರಲೇ ಇಲ್ಲ. ಟೋಕಿಯೋದ ಹೋಟೆಲ್ಲಿನ ರಿಸೆಪ್ಷನ್‌ನಲ್ಲೇ ಕೊಟ್ಟು ಸೀದಾ ಕ್ಯೋಟೋದ ಹೋಟೆಲಿಗೆ ಕಳಿಸಿದೆವು. ಇದಕ್ಕೆ ತಕ್ಯೂಬಿನ್ ಅನ್ನುತ್ತಾರೆ, ಕಪ್ಪು ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡಿರುವ ಗುರುತಿನ ಯಮಾಟೋ ಕಂಪನಿಯದ್ದು. ಹುಡುಗಿ ಟೇಪ್ ತೆಗೆದು ಉದ್ದ, ಅಗಲ, ಎತ್ತರ ಅಳೆದು ಕೂಡಿಸಿ, ನಾವು ಕ್ಯೋಟೋಗೆ ಸೇರುವ ತಾರೀಖು ಕೇಳಿ ಚೀಟಿಯಲ್ಲಿ ಬರೆದಳು. ಒಂದು ಪೆಟ್ಟಿಗೆಗೆ 2,500 ಯೆನ್ ಆಸುಪಾಸು. ಮೂರು ದಿನದ ಬಟ್ಟೆ, ಅಮ್ಮನ ಮಾತ್ರೆ ಬೆನ್ನ ಚೀಲದಲ್ಲಿ. ಕ್ಯೋಟೋದಲ್ಲಿ ರೂಮಿನ ಬಾಗಿಲು ತೆಗೆದರೆ ಪೆಟ್ಟಿಗೆಗಳು ಒಳಗೆ ನಿಂತಿದ್ದವು.

ಪೆಟ್ಟಿಗೆಯನ್ನು ರೈಲಲ್ಲೇ ಒಯ್ಯುವವರಿಗೆ ಒಂದು ನಿಯಮ ಇದೆ. ಟೋಕಿಯೋ–ಕ್ಯೋಟೋ–ಹಿರೋಷಿಮಾ ದಾರಿಯ ಬುಲೆಟ್ ರೈಲುಗಳಲ್ಲಿ ಮೂರೂ ಅಳತೆ ಕೂಡಿಸಿ 160 ಸೆಂಟಿಮೀಟರ್ ದಾಟಿದರೆ ಬೋಗಿಯ ಕೊನೆಯ ಸಾಲಿನ ವಿಶೇಷ ಸೀಟು ಮುಂಚೆಯೇ ಬುಕ್ ಮಾಡಿರಬೇಕು. ಬುಕ್ ಮಾಡಿದರೆ ಬೇರೆ ಹಣ ಇಲ್ಲ, ಮಾಡದೇ ತಂದರೆ 1,000 ಯೆನ್.

ಕನಜಾವಾದಿಂದ ಕ್ಯೋಟೋಗೆ ಹೋಗುವ ದಾರಿಯೇ ನಮಗೆ ಸ್ವಲ್ಪ ಕಷ್ಟ ಕೊಟ್ಟಿದ್ದು. ಮುಂಚೆ ಒಂದೇ ರೈಲು ಇತ್ತು. 2024ರ ಮಾರ್ಚ್ 16ಕ್ಕೆ ಬುಲೆಟ್ ರೈಲಿನ ಹಳಿ ತ್ಸುರುಗಾವರೆಗೂ ಬಂತು, ಅಂದಿನಿಂದ ತ್ಸುರುಗಾದಲ್ಲಿ ಇಳಿದು ಥಂಡರ್‌ಬರ್ಡ್ ರೈಲು ಹತ್ತಬೇಕು. ಮೂರನೇ ಮಹಡಿಯಲ್ಲಿ ಇಳಿದು, ಎರಡನೇ ಮಹಡಿಯಲ್ಲಿ ಗೇಟು ದಾಟಿ, ಕೆಳಗಿನ ಮಹಡಿಗೆ ಬರಬೇಕು. ಸಿಗೋದು ಹತ್ತು ನಿಮಿಷದ ಆಚೀಚೆ. ಎಲ್ಲರೂ ಒಂದೇ ಕಡೆ ನಡೆಯುತ್ತಾರೆ, ಅಮ್ಮ ನಿಧಾನ. ಹೆಂಡತಿ ಮಗಳ ಜೊತೆ ಮುಂದೆ ಹೋಗಿ ಬೋಗಿ ಬಾಗಿಲಲ್ಲಿ ನಿಂತಳು, ನಾನು ಅಮ್ಮನ ಕೈ ಹಿಡಿದು ಲಿಫ್ಟಿಗೆ ಹೋದೆ. ಹತ್ತಿ ಕೂತು ಉಸಿರು ಬಿಡುವಷ್ಟರಲ್ಲಿ ರೈಲು ಹೊರಟಿತು. ದೊಡ್ಡ ಪೆಟ್ಟಿಗೆ ಇದ್ದಿದ್ದರೆ ಆ ರೈಲು ತಪ್ಪುತ್ತಿತ್ತು, ಅನುಮಾನವೇ ಇಲ್ಲ. ವಯಸ್ಸಾದವರು ಜೊತೆಗಿದ್ದರೆ ಕೌಂಟರಿನಲ್ಲೇ ಹೇಳಿ ಒಂದು ರೈಲು ಬಿಟ್ಟು ಮುಂದಿನದಕ್ಕೆ ಸೀಟು ತಗೊಳ್ಳಿ. ಕೂರೋದು ಎಡಗಡೆ ಕಿಟಕಿಗೆ. ಕ್ಯೋಟೋ ಹತ್ತಿರವಾಗುತ್ತಾ ಬಿವಾ ಸರೋವರ ಎಷ್ಟೋ ಹೊತ್ತು ಪಕ್ಕದಲ್ಲೇ ಬರುತ್ತದೆ.

ಕ್ಯೋಟೋದಿಂದ ಮುಂದೆ ಎಲ್ಲ ಸಲೀಸು. ಕನ್ಸಾಯ್–ಹಿರೋಷಿಮಾ ಪಾಸ್ ನನಗೆ ಎಷ್ಟು ಇಷ್ಟ ಆಯಿತು ಅಂದರೆ ಅದೊಂದಕ್ಕೇ 5ಕ್ಕೆ 5 ಕೊಡುತ್ತೇನೆ. ಮೊದಲ ದಿನ ನಾರಾಗೆ ಹೋಗಿ ಬಂದೆವು. ಎರಡನೇ ದಿನ ಹಿರೋಷಿಮಾಗೆ ಹೋಗುವಾಗ ಹಿಮೇಜಿಯಲ್ಲಿ ಇಳಿದು, ಚೀಲಗಳನ್ನು ಲಾಕರಿನಲ್ಲಿಟ್ಟು ಕೋಟೆ ನೋಡಿದೆವು. ಮೂರನೇ ದಿನ ಮಿಯಾಜಿಮಾ. ಅಲ್ಲಿಗೆ ಹೋಗುವ ಜೆ.ಆರ್. (ಜಪಾನ್ ರೈಲ್ವೇಸ್) ದೋಣಿಯೂ ಪಾಸಿನಲ್ಲೇ ಬರುತ್ತದೆ, ದ್ವೀಪದ ತೆರಿಗೆ 100 ಯೆನ್ ಮಾತ್ರ ಕೈಯಿಂದ. ನಾಲ್ಕನೇ ದಿನ ಹಿರೋಷಿಮಾದಿಂದ ಶಿನ್-ಒಸಾಕಾ, ಅಲ್ಲಿಂದ ಹರುಕಾ ರೈಲಲ್ಲಿ ವಿಮಾನ ನಿಲ್ದಾಣ. ಬಿಡಿ ಟಿಕೆಟ್ ತಗೊಂಡಿದ್ದರೆ ಹಿರೋಷಿಮಾಗೆ ಹೋಗಿ ಬರೋದಕ್ಕೇ 20,000 ಯೆನ್ ದಾಟುತ್ತಿತ್ತು. ಶಿನ್-ಒಸಾಕಾದಿಂದ ಹಿರೋಷಿಮಾಗೆ ನೊಜೋಮಿಯನ್ನೂ ಈ ಪಾಸಿನಲ್ಲಿ ಹತ್ತಬಹುದು, ಮತ್ತೆ ಹಣ ಕೊಡಬೇಕಿಲ್ಲ. ಒಂದೇ ಎಚ್ಚರಿಕೆ, ಕ್ಯೋಟೋದಿಂದ ಶಿನ್-ಒಸಾಕಾವರೆಗಿನ ಬುಲೆಟ್ ರೈಲು ಬೇರೆ ಕಂಪನಿಯದ್ದು, ಅದಕ್ಕೆ ಈ ಪಾಸ್ ನಡೆಯಲ್ಲ. ಆ ತುಂಡಿಗೆ ಸಾಮಾನ್ಯ ಹಳಿಯ ವೇಗದ ರೈಲು ಹತ್ತಿ, ಅರ್ಧ ಗಂಟೆಯೊಳಗೆ ಹೋಗುತ್ತದೆ.

ಊರೊಳಗಿನ ಓಡಾಟಕ್ಕೆ ಹನೇಡಾದಲ್ಲೇ ವೆಲ್‌ಕಮ್ ಸುಯಿಕಾ ಅನ್ನುವ, ಹಣ ತುಂಬಿಸಿ ಗೇಟಿಗೆ ಮುಟ್ಟಿಸುವ ಕಾರ್ಡ್ ತಗೊಂಡೆವು. 28 ದಿನ ನಡೆಯುತ್ತದೆ, ಉಳಿದ ಹಣ ವಾಪಸ್ ಕೊಡಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪವೇ ತುಂಬಿಸಿ. ಟೋಕಿಯೋದಲ್ಲಿ ಮಕ್ಕಳ ಕಾರ್ಡ್ ಮುಟ್ಟಿಸಿದರೆ ಗೇಟು ಹಕ್ಕಿಮರಿ ಥರ ಚಿಲಿಪಿಲಿ ಅನ್ನುತ್ತದೆ. ನನ್ನ ಮಗಳು ಅದಕ್ಕೋಸ್ಕರವೇ ಮೊದಲು ಓಡುತ್ತಿದ್ದಳು.

ರೈಲೊಳಗಿನ ಊಟಕ್ಕೆ ಮುಂಚೆಯೇ ತಯಾರಿ ಬೇಕು. ಸ್ಟೇಷನ್ನಿನಲ್ಲಿ ಸಿಗುವ ಎಕಿಬೆನ್ ಬುತ್ತಿ ನೋಡೋಕೆ ಚಿತ್ರದ ಹಾಗಿದೆ, ಆದರೆ ತರಕಾರಿಯಂತೆ ಕಾಣುವುದರಲ್ಲೂ ಮೀನಿನ ಸಾರು ಇರುತ್ತದೆ. ಅಮ್ಮನಿಗೆ ಹುಳಿ ಉಮೆಬೋಶಿ ಹಣ್ಣು ತುಂಬಿದ ಅನ್ನದ ಉಂಡೆ, ಬಾಳೆಹಣ್ಣು ಕಟ್ಟಿಕೊಂಡು ಹತ್ತುತ್ತಿದ್ದೆವು.

ಈ ದಾರಿಯಲ್ಲಿ ನಾವು ಕಳೆದುಕೊಂಡಿದ್ದು ಒಂದೇ, ಫ್ಯೂಜಿ ಪರ್ವತ. ಅದು ಕಾಣೋದು 1964ರ ಅಕ್ಟೋಬರ್ 1ಕ್ಕೆ, ಟೋಕಿಯೋ ಒಲಿಂಪಿಕ್ಸಿಗೆ ಒಂಬತ್ತು ದಿನ ಮುಂಚೆ ಶುರುವಾದ ಟೋಕಿಯೋ–ಕ್ಯೋಟೋ ನಡುವಿನ ಹಳೇ ಟೋಕೈಡೋ ಬುಲೆಟ್ ರೈಲಿನ ದಾರಿಯಲ್ಲಿ. ನಾವು ಉತ್ತರದ ಕಡೆಯಿಂದ ಹೋದೆವು. ತೊಯಾಮಾ ಹತ್ತಿರ ಎಡಗಡೆ ಹಿಮ ಬಿದ್ದ ತಾತೆಯಾಮಾ ಬೆಟ್ಟಗಳ ಸಾಲೇ ಎದ್ದು ನಿಂತಿತ್ತು. ಆದರೂ ಮಗಳು ಕೇಳಿದಳು, "ಅಪ್ಪಾ, ಇದು ಫ್ಯೂಜಿ ಅಲ್ವಲ್ಲ?" ಅಲ್ಲ ಪುಟ್ಟಿ ಅಂದೆ. ನಿಮ್ಮ ಮಕ್ಕಳಿಗೂ ಫ್ಯೂಜಿಯೇ ಬೇಕಿದ್ದರೆ ಕನಜಾವಾ ಬಿಟ್ಟು ಸೀದಾ ಕ್ಯೋಟೋಗೆ ಹೋಗಿ. ಸಾಮಾನ್ಯ ಬೋಗಿಯಲ್ಲಿ ಇ ಅಕ್ಷರದ ಕಿಟಕಿ ಸೀಟು ಕೇಳಿ. ಟೋಕಿಯೋ ಬಿಟ್ಟು ಮುಕ್ಕಾಲು ಗಂಟೆ ಆಗುವ ಹೊತ್ತಿಗೆ ಶಿನ್-ಫ್ಯೂಜಿ ಸ್ಟೇಷನ್ ಹತ್ತಿರ ಬಲಗಡೆ ನೋಡಿ. ಮೋಡ ಇಲ್ಲದ ಬೆಳಗ್ಗೆಯಾಗಿದ್ದರೆ ಒಳ್ಳೆಯದು.